ಡ್ರಾಯಿಂಗ್ ಮಾಷ್ಟ್ರಿಲ್ಲದ ಶಾಲೆಯಲ್ಲಿ ಚಿತ್ರ ಕಲಿಸುವುದು ಹೇಗೆ?

"ನನಗೇ ನೆಟ್ಟಗೆ ಒಂದು ಆನೆ ಬಿಡಿಸಲಿಕ್ಕೆ ಬರುವುದಿಲ್ಲ. ಮಕ್ಕಳಿಗೆ ಏನು ಕಲಿಸಲಿ?" ಉಡುಪಿ, ಕುಂದಾಪುರ, ಬಂಟ್ವಾಳ ಕಡೆಯ ಶಿಕ್ಷಕಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಲೆಗೆ ಅರೆಕಾಲಿಕ ಬೋಧಕರು ಬೇಕು ಎನ್ನುವುದು ಆರರಿಂದ ಎಂಟನೇ ತರಗತಿಗೆ ಮಾತ್ರ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಒಂದರಿಂದ ಐದರವರೆಗೆ ಕನ್ನಡ, ಗಣಿತ, ಪರಿಸರ ಎಲ್ಲ ಕಲಿಸುವ ನೀವೇ ಚಿತ್ರವನ್ನೂ ಕಲಿಸಬೇಕು.

ವರ್ಷಗಟ್ಟಲೆ ಚಿತ್ರದ ಕ್ಲಾಸು ತೆಗೆದುಕೊಂಡವನ ಮಾತು ಇದು: ಈ ವಯಸ್ಸಿನ ಮಕ್ಕಳಿಗೆ ಕಲಿಸಲು ನಿಮಗೆ ಆನೆ ಬಿಡಿಸಲು ಬರಬೇಕಾಗಿಲ್ಲ. ಬರದಿದ್ದರೇ ಒಂದು ರೀತಿಯಲ್ಲಿ ಅನುಕೂಲ. ಚೆನ್ನಾಗಿ ಬಿಡಿಸುವವರು ಹಲಗೆಯ ಮೇಲೆ ಬಿಡಿಸಿ ತೋರಿಸುತ್ತಾರೆ, ಮಕ್ಕಳು ಅದನ್ನೇ ನಕಲು ಮಾಡುತ್ತಾರೆ, ಮೂವತ್ತು ಪುಸ್ತಕದಲ್ಲಿ ಮೂವತ್ತು ಒಂದೇ ಆನೆ. ಮಕ್ಕಳು ನೋಡುವಂತೆ ಮಾಡುವುದಷ್ಟೇ ನಿಮ್ಮ ಕೆಲಸ. ಕೈ ಅದರ ಹಿಂದೆ ತಾನಾಗಿ ಬರುತ್ತದೆ.

ಮೊದಲು ಏನೇನು ಒಟ್ಟು ಮಾಡಿಕೊಳ್ಳಬೇಕು

ಪೇಟೆಯಿಂದ ತರಬೇಕಾದದ್ದು ಕಡಿಮೆ. ಮೇಣದ ಕ್ರೇಯಾನ್, ಕೆಂಪು-ಹಳದಿ-ನೀಲಿ-ಬಿಳಿ ಪೋಸ್ಟರ್ ಕಲರ್ (ನೀರಿನಲ್ಲಿ ಕಲಸುವ, ಒಣಗಿದ ಮೇಲೆ ಹೊಳಪಿಲ್ಲದ ಬಣ್ಣ) ದೊಡ್ಡ ಬಾಟಲಿಯಲ್ಲಿ ಒಂದೊಂದು, ಸ್ವಲ್ಪ ದಪ್ಪನೆಯ ಬ್ರಶ್‌ಗಳು, ಗೋಂದು. ಹನ್ನೆರಡು ಬಣ್ಣದ ಪುಟ್ಟ ಡಬ್ಬಿಗಳನ್ನು ಮಗುವಿಗೊಂದರಂತೆ ತರಿಸಬೇಡಿ. ಏಕೆ ಎಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

ಕಾಗದದ ವಿಷಯದಲ್ಲಿ ಜಿಎಸ್‌ಎಂ ಎಂಬ ಮಾತು ಕೇಳುತ್ತೀರಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಝೆರಾಕ್ಸ್ ಕಾಗದ 70-80 ಇರುತ್ತದೆ, ಪೆನ್ಸಿಲ್, ಕ್ರೇಯಾನಿಗೆ ಧಾರಾಳ ಸಾಕು. ನೀರಿನ ಬಣ್ಣಕ್ಕೆ ಅದು ಸುರುಟಿಕೊಳ್ಳುತ್ತದೆ, 120ಕ್ಕಿಂತ ಮೇಲಿನದು ಬೇಕು. ಅದು ದುಬಾರಿ ಎನಿಸಿದರೆ ಮದುವೆ ಕಾಗದದ ಖಾಲಿ ಬದಿ, ಹಳೆಯ ಕ್ಯಾಲೆಂಡರಿನ ಹಿಂಬದಿ.

ಉಳಿದದ್ದು ಊರಿನಲ್ಲೇ ಉಂಟು. ಬಣ್ಣ ಕಲಸಲು ತೆಂಗಿನ ಗೆರಟೆ, ಬಣ್ಣ ಬಳಿಯಲು ಕಾಗದದ ಬದಲಿಗೆ ಅಡಿಕೆ ಹಾಳೆಯ ತುಂಡು, ಗೀರಲು ಹಿಡಿಸೂಡಿ ಕಡ್ಡಿ, ಒರೆಸಲು ಹಳೆಯ ಲುಂಗಿ. ಗೆರಟೆ ಉರುಳದಂತೆ ಅಡಿಗೆ ಬಟ್ಟೆಯ ಸಿಂಬಿ ಇಡಿ. ಇದನ್ನು ಮರೆತರೆ ಮೊದಲ ದಿನವೇ ಪಾಠ ಕಲಿಯುತ್ತೀರಿ.

ನಮ್ಮ ಕಡೆಯ ದೊಡ್ಡ ಶತ್ರು ಮಳೆಗಾಲ. ಜೂನ್‌ನಲ್ಲಿ ಹೊರಗಿಟ್ಟ ಕಾಗದ ಆಗಸ್ಟಿಗೆ ಗಾಳಿಗಿಟ್ಟ ಹಪ್ಪಳದಂತೆ ಮೆತ್ತಗಾಗಿರುತ್ತದೆ, ಬ್ರಶ್ಶಿನ ಕೂದಲಲ್ಲಿ ಬೂಷ್ಟು. ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲಿನ ಹಲಗೆಯಲ್ಲಿಡಿ, ಬ್ರಶ್ಶನ್ನು ತೊಳೆದು ಮಲಗಿಸಿ ಒಣಗಿಸಿ. ನೀರಿನ ಬಣ್ಣದ ಪಾಠಗಳನ್ನು ದಸರಾ ರಜೆಯ ನಂತರಕ್ಕೆ ಇಟ್ಟುಕೊಳ್ಳುವುದು ಜಾಣತನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೆರೆ, ಕ್ರೇಯಾನ್, ಮಣ್ಣು.

ಯಾವ ವಯಸ್ಸಿನ ಮಗು ಹೇಗೆ ಬಿಡಿಸುತ್ತದೆ

ಇದು ತಿಳಿಯದೆ ಹಂತಗಳಿಗೆ ಹೋಗಬೇಡಿ. ಮಕ್ಕಳ ಚಿತ್ರಗಳನ್ನು ಅಭ್ಯಾಸ ಮಾಡಿ ವಯಸ್ಸಿಗೆ ತಕ್ಕಂತೆ ಘಟ್ಟಗಳನ್ನು ಗುರುತಿಸಿದವರಲ್ಲಿ ಕಲಾ ಶಿಕ್ಷಣತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಮುಖ್ಯರು. ಅವರ ಲೆಕ್ಕ ಒರಟಾಗಿ ಹೀಗೆ: ನಾಲ್ಕರಿಂದ ಏಳು ವರ್ಷದ ಮಗು ದೊಡ್ಡ ತಲೆಗೆ ನೇರವಾಗಿ ಕೈಕಾಲು ಅಂಟಿಸುತ್ತದೆ, ವಸ್ತುಗಳು ಕಾಗದದ ತುಂಬ ತೇಲುತ್ತಿರುತ್ತವೆ. ಏಳರಿಂದ ಒಂಬತ್ತರ ಹೊತ್ತಿಗೆ ಕಾಗದದ ಕೆಳಗೆ ಒಂದು ನೆಲದ ಗೆರೆ ಬರುತ್ತದೆ, ಮನೆ, ಮರ, ಅಮ್ಮ, ನಾಯಿ ಎಲ್ಲ ಅದರ ಮೇಲೆ ಸಾಲಾಗಿ ನಿಲ್ಲುತ್ತಾರೆ. ಒಂಬತ್ತು ದಾಟಿದ ಮೇಲೆ "ನಿಜದ ಹಾಗೆ" ಕಾಣಬೇಕು ಎಂಬ ಹಟ ಶುರು.

ಎರಡನೇ ತರಗತಿಯ ಹುಡುಗ ಬಸ್ಸು ಬಿಡಿಸಿ ಒಳಗೆ ಕೂತವರ ಕಾಲನ್ನೂ ತೋರಿಸಿದರೆ ಅದು ತಪ್ಪಲ್ಲ. ಅವನು ಕಂಡದ್ದನ್ನಲ್ಲ, ತಿಳಿದದ್ದನ್ನು ಬಿಡಿಸುತ್ತಿದ್ದಾನೆ. ತಗಡಿನ ಹೊರಗಿಂದ ಕಾಲು ಕಾಣುವುದಿಲ್ಲ ಎಂದು ತಿದ್ದಬೇಡಿ, ಇನ್ನೆರಡು ವರ್ಷದಲ್ಲಿ ತಾನೇ ಮುಚ್ಚುತ್ತಾನೆ. ನಾಲ್ಕು-ಐದನೇ ತರಗತಿಯಲ್ಲಿ "ನಂಗೆ ಬರೂದಿಲ್ಲ ಟೀಚರ್" ಎಂದು ಪುಸ್ತಕ ಮುಚ್ಚುವ ಮಗುವಿಗೆ ನಿಮ್ಮ ಸಹಾಯ ನಿಜಕ್ಕೂ ಬೇಕು. ಮುಂದಿನ ಹಂತಗಳಲ್ಲಿ ಅರ್ಧಕ್ಕರ್ಧ ಆ ಮಗುವಿಗಾಗಿಯೇ ಇರುವುದು.

ಹಂತ 1: ಹಲಗೆ ಒರೆಸಿ

ಚಿತ್ರ ಬಿಡಿಸಿ ಎಂದರೆ ನಮ್ಮ ಮಕ್ಕಳು ಮೊದಲು ಬಿಡಿಸುವುದು ಏನೆಂದು ನಿಮಗೆ ಗೊತ್ತು. ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಕೆಳಗೆ ಹರಿಯುವ ನದಿ, ಪಕ್ಕದಲ್ಲಿ ಗುಡಿಸಲು. ಮಲ್ಪೆಯ ಮಗುವೂ ಅದನ್ನೇ ಬಿಡಿಸುತ್ತದೆ, ಸುರತ್ಕಲ್ಲಿನ ಮಗುವೂ ಅದನ್ನೇ. ದಿನಾ ಸಂಜೆ ಸೂರ್ಯ ಕಡಲಿಗೆ ಇಳಿಯುವುದನ್ನು ಕಾಣುವ, ತ್ರಿಕೋನದ ಗುಡ್ಡವನ್ನು ಹುಟ್ಟಿದಂದಿನಿಂದ ಕಾಣದ ಮಕ್ಕಳು! ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆಗಳ ತಲೆ ಚಪ್ಪಟೆ. ಇದು ಮಕ್ಕಳ ಕಲ್ಪನೆಯಲ್ಲ, ಯಾರೋ ದೊಡ್ಡವರು ಯಾವತ್ತೋ ಹಲಗೆಯ ಮೇಲೆ ಬರೆದದ್ದು ಕೈಯಿಂದ ಕೈಗೆ ಬಂದಿದೆ.

ಬೈಯಬೇಡಿ, ಹರಿಯಲೂ ಬೇಡಿ. "ಇದು ಆಯಿತು, ಚಂದ ಉಂಟು. ಈಗ ನಿನ್ನ ಮನೆಯ ಹಿತ್ತಿಲು ಬಿಡಿಸು. ಬಾವಿ ಎಲ್ಲಿ? ಬಟ್ಟೆ ಒಣಗಿಸುವ ಬಳ್ಳಿ ಎಲ್ಲಿಂದ ಎಲ್ಲಿಗೆ?" ಎಂದು ಕೇಳಿ. ಪ್ರಶ್ನೆ ಇಷ್ಟು ಸಣ್ಣದಾಗಿದ್ದರೆ ತ್ರಿಕೋನಕ್ಕೆ ಜಾಗವೇ ಇರುವುದಿಲ್ಲ. "ಪ್ರಕೃತಿ", "ನನ್ನ ಕನಸಿನ ಭಾರತ" ಎಂಬಂಥ ವಿಷಯ ಕೊಟ್ಟರೆ ಮಾತ್ರ ಗುಡ್ಡ-ಸೂರ್ಯ ಮರಳಿ ಬರುತ್ತವೆ.

ನಲವತ್ತು ನಿಮಿಷದ ಅವಧಿಯನ್ನು ನಾನು ಹೀಗೆ ಹಂಚುತ್ತಿದ್ದೆ: ಹತ್ತು ನಿಮಿಷ ನೋಡುವುದು ಮತ್ತು ಮಾತು, ಇಪ್ಪತ್ತು ನಿಮಿಷ ಕೆಲಸ, ಕೊನೆಯ ಹತ್ತು ತೊಳೆಯುವುದಕ್ಕೆ. ತೊಳೆಯುವ ಸಮಯವನ್ನು ಕಡಿಮೆ ಅಂದಾಜು ಮಾಡಿ ಮುಂದಿನ ಅವಧಿಯವರಿಂದ ಮಾತು ಕೇಳುವುದು ಎಲ್ಲರೂ ಮಾಡುವ ತಪ್ಪು. ಸಾಧ್ಯವಾದರೆ ಶನಿವಾರ ಬೆಳಗ್ಗಿನ ಕೊನೆಯ ಅವಧಿ ತೆಗೆದುಕೊಳ್ಳಿ.

ಹಂತ 2: ಗೆರೆ

ಮೊದಲ ಒಂದು ತಿಂಗಳು ಬಣ್ಣ ಬೇಡ. ರಬ್ಬರಂತೂ ಬೇಡವೇ ಬೇಡ. ರಬ್ಬರ್ ಕೈಯಲ್ಲಿದ್ದರೆ ಮಗು ಬಿಡಿಸುವುದಕ್ಕಿಂತ ಹೆಚ್ಚು ಉಜ್ಜುತ್ತದೆ.

ನಲಿ-ಕಲಿ (ಸಣ್ಣ ತರಗತಿಗಳ ಚಟುವಟಿಕೆಯ ಕಲಿಕೆ) ಕೋಣೆಯಲ್ಲಿ ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೇ ಹಲಗೆ ಇರುತ್ತದಲ್ಲ, ಅಲ್ಲಿಂದ ಶುರು ಮಾಡಿ. ಅಂಗಳದ ಸಿಮೆಂಟಿನ ಮೇಲೆ ಒಡೆದ ಹಂಚಿನ ಚೂರಿನಿಂದಲೂ ಬರೆಯಬಹುದು, ಮೊದಲ ಮಳೆಗೆ ತಾನೇ ತೊಳೆದು ಹೋಗುತ್ತದೆ. ಡೆಸ್ಕನ್ನು ಬಡಿದು ಚೆಂಡೆಯ ಪೆಟ್ಟಿನಂತೆ ಸದ್ದು ಮಾಡಿ, ಸದ್ದಿಗೆ ತಕ್ಕ ಗೆರೆ ಎಳೆಯಲು ಹೇಳಿ. ಜೋರು ಪೆಟ್ಟಿಗೆ ದಪ್ಪ, ಮೆತ್ತನೆಯದಕ್ಕೆ ತೆಳು, ವೇಗಕ್ಕೆ ಒತ್ತೊತ್ತು. ಒಂದನೇ ತರಗತಿಗೆ ಇಷ್ಟು ಸಾಕು.

ಮೂರನೇ ತರಗತಿಯ ಮೇಲಿನವರಿಗೆ ಇನ್ನೊಂದು ಅಭ್ಯಾಸ ಕೊಡಿ. ಪ್ರತಿಯೊಬ್ಬರ ಎದುರು ಒಂದು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಇಡಿ. ಕಣ್ಣು ಚಿಪ್ಪಿನ ಅಂಚಿನ ಮೇಲೆ ಇರುವೆಯಂತೆ ನಿಧಾನ ನಡೆಯಬೇಕು, ಅದೇ ವೇಗದಲ್ಲಿ ಪೆನ್ಸಿಲ್ ಕಾಗದದ ಮೇಲೆ. ಕಾಗದ ನೋಡುವಂತಿಲ್ಲ! ಬಂದ ಚಿತ್ರ ಸೊಟ್ಟಗಿರುತ್ತದೆ, ತರಗತಿ ನಗುತ್ತದೆ, ನಗಲಿ. ಮೂರನೇ ಸಲಕ್ಕೆ ಚಿಪ್ಪಿನ ಮೇಲಿನ ಕಮಾನು ಗೆರೆಗಳು ಒಂದರಷ್ಟು ಇನ್ನೊಂದು ದೂರವಿಲ್ಲ ಎಂದು ಯಾರಾದರೂ ಹೇಳುತ್ತಾರೆ. ಚಿಪ್ಪು ಬೆಳೆದಂತೆ ಉಳಿದ ಗುರುತು ಅದು ಎಂದು ನೀವು ಸೇರಿಸಿದರೆ ಪರಿಸರ ಅಧ್ಯಯನವೂ ಆಯಿತು. "ನಂಗೆ ಬರೂದಿಲ್ಲ" ಎನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಎಲ್ಲರ ಚಿತ್ರವೂ ಸೊಟ್ಟ, ಹಾಗಾಗಿ ಯಾರಿಗೂ ನಾಚಿಕೆಯಿಲ್ಲ.

ಚಿಪ್ಪಿನ ನಂತರ ಗೇರುಹಣ್ಣು, ಹಲಸಿನ ಎಲೆ, ಮಾಷ್ಟ್ರ ಚಪ್ಪಲಿ. ಬಂಗುಡೆ ಮೀನಿನ ಬೆನ್ನಿನ ಅಲೆಪಟ್ಟೆಗಳು ಗೆರೆ ಕಲಿಸಲು ಬಹಳ ಒಳ್ಳೆಯದು, ಆದರೆ ಮೀನು ಮುಟ್ಟದ ಮನೆಯ ಮಕ್ಕಳಿದ್ದರೆ ಒತ್ತಾಯ ಬೇಡ. ಗೇರುಹಣ್ಣು ತರಿಸುವಾಗ ಹಸಿ ಬೀಜ ಕಿತ್ತು ತೆಗೆದು ಹಣ್ಣು ಮಾತ್ರ ತನ್ನಿ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ.

ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಈ ಹಂತದಲ್ಲಿ ಮೊಬೈಲಿನಲ್ಲಾದರೂ ತೋರಿಸಿ. ಕುಣಿಯುವ ಮೈಯನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಾರೆ. "ಈ ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಬೆರಳಿನಿಂದ ಗಾಳಿಯಲ್ಲಿ ಎಳೆದು ತೋರಿಸಿ" ಎಂದರೆ ಸಾಕು. ನಕಲು ಮಾಡಿಸಬೇಡಿ.

ಹಂತ 3: ಬಣ್ಣ

ಹನ್ನೆರಡು ಬಣ್ಣದ ಡಬ್ಬಿ ಬೇಡ ಎಂದಿದ್ದೆ. ಡಬ್ಬಿಯಲ್ಲಿ ಹಸಿರು ಸಿದ್ಧವಾಗಿದ್ದರೆ ಮಗು ಎಲ್ಲ ಎಲೆಗೂ ಅದೇ ಹಸಿರು ಬಳಿಯುತ್ತದೆ. ಹಳದಿ, ನೀಲಿ ಮಾತ್ರ ಕೊಟ್ಟರೆ ಹಸಿರನ್ನು ಅದೇ ಹುಟ್ಟಿಸಬೇಕು. ಮೊದಲ ಪಾಠ ಇದೇ ಇರಲಿ. ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಬೇರೆ ಬೇರೆ ಹಸಿರಿನ ಐದು ಎಲೆ ತರಿಸಿ: ಮಾವಿನ ಚಿಗುರು, ಬಾಳೆ, ಗೇರು, ವೀಳ್ಯದೆಲೆ, ಒಣಗುತ್ತಿರುವುದೊಂದು. ಆ ಐದು ಹಸಿರನ್ನೂ ಗೆರಟೆಯಲ್ಲಿ ಕಲಸಿ ಎಲೆಯ ಪಕ್ಕದಲ್ಲೇ ಬಳಿದು ಹೋಲಿಸಬೇಕು. ಚಿತ್ರ ಬಿಡಿಸುವುದೇ ಇಲ್ಲ, ಬಣ್ಣ ಹುಡುಕುವುದಷ್ಟೇ ಆಟ.

ಕಲಸುವಾಗ ಒಂದು ನಿಯಮ: ತಿಳಿ ಬಣ್ಣ ಮೊದಲು, ಗಾಢ ಬಣ್ಣ ಹನಿ ಹನಿಯಾಗಿ. ಹಳದಿಗೆ ನೀಲಿ ಹಾಕಬೇಕು, ನೀಲಿಗೆ ಹಳದಿಯಲ್ಲ. ತಿರುಗಾಮುರುಗಾ ಮಾಡಿದರೆ ಅರ್ಧ ಬಾಟಲಿ ಹಳದಿ ಸುರಿದರೂ ನೀಲಿಯ ಹೊಟ್ಟೆ ತುಂಬುವುದಿಲ್ಲ. ಮೂರೂ ಬಣ್ಣ ಬೆರೆತರೆ ಕೆಸರು. ಒಂದು ದಿನ ಬೇಕೆಂದೇ ಕೆಸರು ಮಾಡಿಸಿ, ಗದ್ದೆ ಉಳುವ ಚಿತ್ರಕ್ಕೆ ಅದನ್ನೇ ಬಳಸಿ. ಆಮೇಲೆ ಕೆಸರಿನ ಹೆದರಿಕೆ ಹೋಗುತ್ತದೆ. ಗುಂಪಿಗೆ ನೀರಿನ ಗೆರಟೆ ಎರಡು ಇರಲಿ, ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣಕ್ಕೆ ಸೇರಿಸಲು.

ಅಂಗಡಿ ಬಣ್ಣ ಮುಗಿದರೆ ಹಿತ್ತಿಲಿಗೆ ಹೋಗಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಹಳದಿ ಕೆಂಪಾಗುತ್ತದೆ. ಮದುವೆ ಮನೆಯ ಕುರ್ದಿ ನೀರು (ಅರಿಶಿನ-ಸುಣ್ಣದ ಕೆಂಪು ನೀರು) ಕಂಡ ಮಕ್ಕಳಿಗೆ ಇದು ಹೊಸತಲ್ಲ, ಆದರೆ ಕಾರಣ ಕೇಳಿದವರಿಲ್ಲ. ಸುಣ್ಣ ಕ್ಷಾರ, ಅರಿಶಿನದ ಬಣ್ಣ ಕ್ಷಾರಕ್ಕೆ ಮುಖ ಬದಲಿಸುತ್ತದೆ. ನೀಲಿ ಶಂಖಪುಷ್ಪವನ್ನು ಬಿಸಿ ನೀರಿನಲ್ಲಿ ನೆನೆಸಿ ಲಿಂಬೆ ಹಿಂಡಿದರೆ ನೇರಳೆಯಾಗಿ ಗುಲಾಬಿಗೆ ತಿರುಗುತ್ತದೆ. ಬಸಳೆ ಹಣ್ಣು, ಪುನರ್ಪುಳಿ ಸಿಪ್ಪೆ, ತಿಕ್ಕಿದರೆ ಕೆಂಪು ಬಿಡುವ ಸಾಗುವಾನಿಯ ಎಳೆ ಎಲೆ, ಅಂಗಳದ ಕೆಮ್ಮಣ್ಣು, ಒಲೆಯ ಮಸಿ. ಗೋಂದಿನ ನೀರು ಬೆರೆಸಿದರೆ ಕಾಗದಕ್ಕೆ ಹಿಡಿಯುತ್ತವೆ. ಇವುಗಳಲ್ಲಿ ಮಣ್ಣು, ಮಸಿ ಮಾತ್ರ ಶಾಶ್ವತ. ಹೂವು, ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ ಎಂದು ಮೊದಲೇ ಹೇಳಿಬಿಡಿ.

ಎಚ್ಚರಿಕೆ ಎರಡು. ಸುಣ್ಣವನ್ನು ನೀವೇ ಹಾಕಿ, ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಬೆರಳಿನಿಂದ ಬಳಿಯಲು ಮೈದಾ ಕುದಿಸಿ ಅಂಟು ಮಾಡಿದಾಗ ಅದು ಕೆಡದಿರಲೆಂದು ಮೈಲುತುತ್ತು (ತಾಮ್ರದ ಸಲ್ಫೇಟ್) ಸೇರಿಸುವ ಹಳೆಯ ರೂಢಿ ಉಂಟು. ಅಡಿಕೆಗೆ ಮದ್ದು ಬಿಡುವ ಮನೆಗಳಲ್ಲಿ ಅದು ಸಿಗುತ್ತದೆ ಕೂಡ. ಅದು ವಿಷ, ಸಣ್ಣ ಮಕ್ಕಳ ಬೆರಳು ಬಾಯಿಗೆ ಹೋಗುತ್ತದೆ. ಅಂಟನ್ನು ಅಂದಂದೇ ಮಾಡಿ, ಉಳಿದದ್ದನ್ನು ಚೆಲ್ಲಿ.

ಒಂದು ಮಗು ಪದೇ ಪದೇ ಕೆಂಪು, ಹಸಿರನ್ನು ಅದಲುಬದಲು ಮಾಡಿದರೆ ಅದು ಅಲಕ್ಷ್ಯ ಇರಲಿಕ್ಕಿಲ್ಲ. ಆ ಎರಡು ಬಣ್ಣಗಳ ನಡುವಿನ ವ್ಯತ್ಯಾಸ ಹುಟ್ಟಿನಿಂದಲೇ ಸರಿಯಾಗಿ ಕಾಣದವರಿದ್ದಾರೆ, ಹುಡುಗರಲ್ಲಿ ಹೆಚ್ಚು. ಕ್ರೇಯಾನಿನ ಮೇಲೆ ಹೆಸರು ಬರೆದುಕೊಡಿ, ಮನೆಯವರಿಗೆ ಮೆಲ್ಲನೆ ತಿಳಿಸಿ, ತರಗತಿಯ ಎದುರು ಮಾತೆತ್ತಬೇಡಿ.

ಹಂತ 4: ಮಣ್ಣು

ಮಳೆಗಾಲದ ರಾಜ ಇದು. ನಮ್ಮ ಅಂಗಳದ ಕೆಂಪು ಮಣ್ಣು ಬಣ್ಣಕ್ಕೆ ಆಗುತ್ತದೆ, ಮೂರ್ತಿಗೆ ಆಗುವುದಿಲ್ಲ, ಅದರಲ್ಲಿ ಮುರಕಲ್ಲಿನ ಹರಳು ಹೆಚ್ಚು. ಬೇಕಾದ್ದು ಆವೆಮಣ್ಣು, ಅಂದರೆ ಕುಂಬಾರರು, ಚೌತಿಯ ಗಣಪತಿ ಮಾಡುವವರು ಬಳಸುವ ಅಂಟಿನ ಜೇಡಿಮಣ್ಣು. ಇದೇ ಜಾತಿಯ ನದೀದಡದ ಮಣ್ಣನ್ನು ನಂಬಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು. ಚೌತಿಗೆ ಮೊದಲು ಗಣಪತಿ ಮಾಡುವವರನ್ನು ಕೇಳಿದರೆ ಒಂದು ಬಕೆಟ್ ಸಿಗದೆ ಇರುವುದಿಲ್ಲ.

ಮಣ್ಣನ್ನು ಚಪಾತಿ ಹಿಟ್ಟಿನಂತೆ ನಾದಿಸಿ, ಒಳಗಿನ ಗಾಳಿ ಹೋಗಬೇಕು. ಕಿತ್ತಳೆಯಷ್ಟು ಉಂಡೆ ಒಬ್ಬೊಬ್ಬರಿಗೆ. ಮೊದಲ ದಿನ ಏನನ್ನೂ ಮಾಡಿಸಬೇಡಿ, ಒತ್ತಲಿ, ಚಿವುಟಲಿ, ಹೊಸೆಯಲಿ. ಎರಡನೇ ದಿನ ಹೆಬ್ಬೆರಳು ಒತ್ತಿ ಬಟ್ಟಲು. ಪ್ರಾಣಿಗಳಿಗೆ ಬಂದಾಗ ಕಾಲು, ಬಾಲ ಉದುರುವ ದೂರು ಶುರುವಾಗುತ್ತದೆ. ಒಣ ಕಾಲನ್ನು ಒಣ ಮೈಗೆ ಒತ್ತಿದರೆ ನಿಲ್ಲುವುದಿಲ್ಲ. ಎರಡೂ ಕಡೆ ಹಿಡಿಸೂಡಿ ಕಡ್ಡಿಯಿಂದ ಗೀರಿ, ನೀರಿನಲ್ಲಿ ಕಲಸಿದ ಲೋಳೆಮಣ್ಣು ಹಚ್ಚಿ, ಒತ್ತಿ ಸವರಿ. ಇನ್ನೂ ಒಳ್ಳೆಯದು, ಒಂದೇ ಉಂಡೆಯಿಂದ ಕಾಲುಗಳನ್ನು ಎಳೆದು ತೆಗೆಯುವುದು. ಹೀಗೆ ಮಾಡಿದ ಪ್ರಾಣಿ ಗಿಡ್ಡ ಕಾಲಿನದಾಗುತ್ತದೆ, ಆಗಲಿ, ಎಮ್ಮೆ ಎಂದರಾಯಿತು.

ಬಿಸಿಲಿಗಿಟ್ಟರೆ ಬಿರುಕು. ನೆರಳಿನಲ್ಲಿ, ಮೊದಲೆರಡು ದಿನ ಒದ್ದೆ ಬಟ್ಟೆ ಮುಚ್ಚಿ ಒಣಗಿಸಿ. ಜುಲೈಯಲ್ಲಿ ವಾರ ದಾಟಿದರೂ ಗಾಬರಿ ಬೇಡ. ಬಿರುಕು ಬಿಟ್ಟದ್ದನ್ನು ಮಗುವಿನ ಒಪ್ಪಿಗೆ ಕೇಳಿ ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ನೆನೆಸಿದರೆ ಮತ್ತೆ ಹಸಿ ಮಣ್ಣು. ಕೇಳದೆ ಕುಟ್ಟಬೇಡಿ. ನಾನೊಮ್ಮೆ ಹಾಗೆ ಮಾಡಿ, ಒಂದು ಆಮೆಯ ವಿಷಯದಲ್ಲಿ ಎರಡನೇ ತರಗತಿಯ ಹುಡುಗಿಯ ಮಾತು ಬಿಟ್ಟ ಮುಖವನ್ನು ಒಂದು ವಾರ ನೋಡಬೇಕಾಯಿತು.

ಹಂತ 5: ಅಚ್ಚು ಮತ್ತು ಉಜ್ಜು

ಬೆಂಡೆಕಾಯಿ ಅಡ್ಡ ಕೊಯ್ದರೆ ಹೂವಿನಚ್ಚು, ಬಾಳೆದಿಂಡಿನ ಹೊರಪದರದಲ್ಲಿ ಜಾಲರಿ. ಇದು ಎಲ್ಲರಿಗೂ ಗೊತ್ತು. ಬಣ್ಣವನ್ನು ಬಟ್ಟೆಯ ಮೇಲೆ ಹಚ್ಚಿ ಅದಕ್ಕೆ ಅಚ್ಚು ಒತ್ತಿದರೆ ಹನಿಯುವುದಿಲ್ಲ, ಅಷ್ಟೇ ಗುಟ್ಟು.

ಹೆಚ್ಚು ಜನ ಮಾಡದ ಇನ್ನೊಂದು: ಹಳೆಯ ಮಂಗಳೂರು ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು, ಚಿಹ್ನೆ ಉಬ್ಬಿರುತ್ತದೆ. ಮೇಲೆ ತೆಳು ಕಾಗದ ಇಟ್ಟು ಸಿಪ್ಪೆ ಸುಲಿದ ಕ್ರೇಯಾನನ್ನು ಮಲಗಿಸಿ ಉಜ್ಜಿದರೆ ಅಕ್ಷರ ಮೇಲೆದ್ದು ಬರುತ್ತದೆ. ಪ್ರತಿ ಮಗು ತನ್ನ ಅಜ್ಜಿಮನೆಯ ಹಂಚಿನ ಉಜ್ಜುಚಿತ್ರ ತಂದರೆ ಗೋಡೆಯ ತುಂಬ ಊರಿನ ಕಾರ್ಖಾನೆಗಳ ಪಟ್ಟಿಯೇ ಆಗುತ್ತದೆ. ಮಾಡಿನ ಮೇಲೆ ಹತ್ತಬಾರದು, ಕೆಳಗಿಟ್ಟ ಹಂಚು ಮಾತ್ರ ಎಂದು ಎರಡು ಸಲ ಹೇಳಿ.

ಹಂತ 6: ಊರಿನ ಕಲೆ ನೋಡುವುದು

ಯಕ್ಷಗಾನದ ಮುಖವರ್ಣಿಕೆ, ಎಂದರೆ ವೇಷದ ಮುಖದ ಬಣ್ಣಗಾರಿಕೆ, ಎಡಬಲ ಸಮತೋಲ ಕಲಿಸಲು ಹೇಳಿ ಮಾಡಿಸಿದ್ದು. ಕಾಗದ ಮಡಚಿ ಅರ್ಧ ಮುಖಕ್ಕೆ ಬಣ್ಣ ಹಚ್ಚಿ, ಹಸಿಯಿರುವಾಗಲೇ ಒತ್ತಿ ಬಿಡಿಸಿದರೆ ಇನ್ನರ್ಧ ಮೂಡುತ್ತದೆ. ಅಷ್ಟಮಿ, ನವರಾತ್ರಿಯ ಹುಲಿವೇಷದ ಮರುದಿನ ನೆನಪಿನಿಂದ ಬಿಡಿಸಲು ಹೇಳಿ, ಪಟ್ಟೆಗಳು ತೋಳಿನಲ್ಲಿ ಹೇಗೆ ಸುತ್ತಿದ್ದವು, ಹೊಟ್ಟೆಯಲ್ಲಿ ಹೇಗಿದ್ದವು. ಮಕ್ಕಳ ಮೈಗೆ ಮಾತ್ರ ಬಾಗಿಲಿಗೆ ಬಳಿಯುವ ಎಣ್ಣೆ ಬಣ್ಣ ಬಳಿಯಬೇಡಿ.

ಭೂತಕೋಲದ ಅಣಿ (ಬೆನ್ನಿಗೆ ಕಟ್ಟುವ ಪ್ರಭಾವಳಿ), ಮೊಗ (ಮುಖವಾಡ)ಗಳನ್ನು ರಟ್ಟಿನಲ್ಲಿ ಮಾಡಿಸುವ ಆಸೆ ನಿಮಗೆ ಬರಬಹುದು. ನಾನು ಮಾಡಿಸುವುದಿಲ್ಲ. ಅದು ಜನರ ನಂಬಿಕೆಯ ವಸ್ತು, ಆಟದ ಸಾಮಾನಲ್ಲ. ತೆಂಗಿನ ಸಿರಿಯನ್ನು (ಎಳೆ ಗರಿಯನ್ನು) ಹೆಣೆಯುವ ಕೈಚಳಕವನ್ನು ಬೇಕಾದರೆ ಹಿರಿಯರೊಬ್ಬರನ್ನು ಕರೆಸಿ ಕಲಿಸಿ.

ಕಾವಿ ಕಲೆ ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾಣುವ ಕೆಂಪು-ಬಿಳಿ ಚಿತ್ರ. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೆರೆದಲ್ಲಿ ಬಿಳಿ ಕಾಣುತ್ತದೆ. ತರಗತಿಯಲ್ಲಿ ಬಿಳಿ ರಟ್ಟಿಗೆ ಕೆಮ್ಮಣ್ಣು-ಗೋಂದು ಬಳಿದು, ಅರೆ ಒಣಗಿದಾಗ ಹಿಡಿಸೂಡಿ ಕಡ್ಡಿಯಿಂದ ಗೀರಿಸಿ. ಪೂರ್ತಿ ಒಣಗಿದರೆ ಹೊಪ್ಪಳಿಕೆ ಏಳುತ್ತದೆ.

ಮಂಗಳೂರಿನವರಿಗೆ ಸಂತ ಅಲೋಶಿಯಸ್ ಚಾಪೆಲ್ ಉಂಟು. ಇಟಲಿಯ ಅಂತೋನಿಯೊ ಮೊಸ್ಕೇನಿ 19ನೇ ಶತಮಾನ ಮುಗಿಯುವ ಹೊತ್ತಿನಲ್ಲಿ ಗೋಡೆ, ಚಾವಣಿ ತುಂಬ ಬಿಡಿಸಿದ ಚಿತ್ರಗಳಿವೆ. ಮಕ್ಕಳನ್ನು ಕರೆದೊಯ್ದರೆ ಇತಿಹಾಸ ಓದಿ ಹೇಳಬೇಡಿ. ಒಂದೇ ಚಿತ್ರದೆದುರು ನೆಲದಲ್ಲಿ ಕೂರಿಸಿ ಕೇಳಿ: ಬೆಳಕು ಯಾವ ಕಡೆಯಿಂದ ಬರುತ್ತಿದೆ? ಯಾರು ಯಾರನ್ನು ನೋಡುತ್ತಿದ್ದಾರೆ? ಯಾವ ಬಣ್ಣ ಹೆಚ್ಚು ಸಲ ಬಂದಿದೆ?

ಹಂತ 7: ನೀವು ಏನು ಹೇಳುತ್ತೀರಿ

ಮಗು ಚಿತ್ರ ತಂದು ತೋರಿಸಿದಾಗ "ಇದೇನು?" ಎನ್ನಬೇಡಿ, ಗೊತ್ತಾಗಲಿಲ್ಲ ಎಂದಂತಾಗುತ್ತದೆ. "ಇದರ ಕತೆ ಹೇಳು" ಎನ್ನಿ. "ಚಂದ ಉಂಟು" ಎನ್ನುವುದು ಸಾಲದು, ಕಂಡದ್ದನ್ನು ಹೇಳಿ: "ದೋಣಿಯ ಬಲೆಗೆ ಗೆರೆ ಎಷ್ಟು ಒತ್ತಾಗಿ ಹಾಕಿದ್ದೀಯ." ಮಗುವಿನ ಕಾಗದದ ಮೇಲೆ ನಿಮ್ಮ ಪೆನ್ಸಿಲ್ ಇಳಿಯಲೇಬಾರದು. ತೋರಿಸಲೇಬೇಕಿದ್ದರೆ ಬೇರೆ ಚೂರು ಕಾಗದದಲ್ಲಿ ತೋರಿಸಿ ಹರಿದು ಹಾಕಿ.

ಪ್ರತಿಭಾ ಕಾರಂಜಿ (ಶಾಲಾ ಮಕ್ಕಳ ಪ್ರತಿಭಾ ಸ್ಪರ್ಧೆ) ಹತ್ತಿರವಾದಾಗ ಒಂದೇ ಚಿತ್ರವನ್ನು ಇಪ್ಪತ್ತು ಸಲ ಬಿಡಿಸಿ ಉರು ಹೊಡೆಸುವುದು ನಡೆಯುತ್ತದೆ. ಬಹುಮಾನ ಬಂದೀತು. ಮರುವರ್ಷ ಆ ಮಗುವಿನ ಕೈಗೆ ಬೇರೆ ವಿಷಯ ಕೊಟ್ಟು ನೋಡಿ, ಆಗ ಗೊತ್ತಾಗುತ್ತದೆ.

ದಾಖಲೆಗೆ ಮಗುವಿಗೊಂದು ಕಡತ ಇಡಿ, ಪ್ರತಿ ಚಿತ್ರದ ಹಿಂದೆ ತಾರೀಕು, ಮಗು ಹೇಳಿದ ಒಂದು ವಾಕ್ಯ ಅದರದೇ ಮಾತಿನಲ್ಲಿ, ತುಳುವಿನಲ್ಲಿದ್ದರೆ ತುಳುವಿನಲ್ಲೇ. ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಬದಲು ಜೂನ್‌ನ ಒಂದು ಚಿತ್ರ, ಫೆಬ್ರವರಿಯ ಒಂದು ಚಿತ್ರ ಅಕ್ಕಪಕ್ಕ ಇಟ್ಟರೆ ನೀವು ಹೆಚ್ಚು ಮಾತಾಡಬೇಕಾಗಿಲ್ಲ.

ಗೋಡೆಗೆ ಹಚ್ಚುವಾಗ ಎಲ್ಲರದ್ದೂ ಇರಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ. ಅಂಟುಪಟ್ಟಿ ನಮ್ಮ ತೇವದ ಗೋಡೆಯಲ್ಲಿ ರಾತ್ರಿ ಕಳೆಯುವುದರೊಳಗೆ ಬಿಡುತ್ತದೆ, ಸುಣ್ಣವನ್ನೂ ಕಿತ್ತು ತರುತ್ತದೆ. ಕಿಟಕಿಯಿಂದ ಕಿಟಕಿಗೆ ತೆಂಗಿನ ನಾರಿನ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ. ಮೇ ಕೊನೆಗೆ, ಮೊದಲ ಗುಡುಗು ಕೇಳಿದ ದಿನವೇ, ಎಲ್ಲವನ್ನೂ ಇಳಿಸಿ ಕಪಾಟಿನ ಮೇಲಿನ ಹಲಗೆಗೆ ಸೇರಿಸಿ.